ತಪ್ಪಿದ ಹಾಜರಿಯ ಕೂಲಿ

ಕಂಪ್ಲಿಯ ಕಡೆಯ ಒಂದು ಜಾತ್ರೆಯಲ್ಲಿ, ತೇರು ನೆಲೆಗೆ ಬಂದು ನಿಂತ ಮರುದಿನ, ಭತ್ತದ ಕೂಳೆಯನ್ನು ಸವರಿ ಕೆಮ್ಮಣ್ಣು ಹರಡಿದ ಗದ್ದೆಯೊಂದರಲ್ಲಿ ನಡೆದ ಕುಸ್ತಿಯನ್ನು ನೋಡುವುದಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆನು. ತೆಂಗಿನಕಾಯಿಗಾಗಿ ಸೆಣಸುವ ಎಳೆಯ ಹುಡುಗರ ಜೋಡಿಗಳಿಂದ ಮೊದಲಾಗಿ, ನೂರಿನ್ನೂರು ರೂಪಾಯಿಯ ಜೋಡಿಗಳನ್ನು ಹಾದು, ಹಲಗೆಯ ಬಡಿತ ಏರಿದಂತೆಲ್ಲ ನೆರೆದವರ ಉಸಿರೂ ಏರುತ್ತ, ಹೊತ್ತು ಇಳಿಯುವ ವೇಳೆಗೆ ಬೆಳ್ಳಿಯ ಕಡಗದ ಕಡೆಯ ಜೋಡಿಗೆ ಬಂದು ಮುಟ್ಟುವ ಆ ಕ್ರಮವನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಕಡೆಯ ಜೋಡಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದ ತರುಣನು, ಜನರು ಅವನನ್ನು ಹೆಗಲ ಮೇಲೆ ಹೊತ್ತು ಒಂದು ಸುತ್ತು ತಂದಿಳಿಸಿದ ಮೇಲೆ, ಕಡಗವನ್ನು ಉಸ್ತಾದನ ಕೈಯಲ್ಲಿಟ್ಟು, ಮೈಯ ಮಣ್ಣನ್ನು ತೊಳೆಯುವುದಕ್ಕೂ ನಿಲ್ಲದೆ ಅಂಗಿಯನ್ನು ಸಿಕ್ಕಿಸಿಕೊಂಡು ಬಸ್ಸಿನ ಕಡೆಗೆ ಧಾವಿಸುತ್ತಿದ್ದನು. ಇಷ್ಟೇಕೆ ಅವಸರವೆಂದು ಕೇಳಿದೆನು. “ರಾತ್ರಿ ಪಾಳಿ ಐತ್ರೀ. ನಿನ್ನೀದು ಒಂದು ಹಾಜರಿ ಹೋತು, ಇವತ್ತಿಂದೂ ಹೋದ್ರ ಮನ್ಯಾಗ ಏನ್ ಹೇಳ್ಲಿ?” ಎಂದವನೇ ಸಂಡೂರಿನ ಬೆಟ್ಟಗಳಿದ್ದ ದಿಕ್ಕಿಗೆ ಒಮ್ಮೆ ಕೈದೋರಿ ಹೊರಟೇಹೋದನು.

ಹಾಜರಿಯೆಂಬ ಈ ಒಂದು ಮಾತಿನ ಮೇಲೆ, ಇಂದಿಗೆ ನೂರಮೂವತ್ತು ವರ್ಷಗಳ ಹಿಂದೆ, ಇಂಗ್ಲೆಂಡಿನ ಒಂದು ದೊಡ್ಡ ಆಟವೇ ಸೀಳಿ ಎರಡಾಯಿತೆಂಬ ಸಂಗತಿ ಅಂದು ನನ್ನ ನೆನಪಿಗೆ ಬಂದಿತು. ಆ ಆಟದ ಹೆಸರು ರಗ್ಬಿ. ನಮ್ಮಲ್ಲಿ ಅದನ್ನು ಬಲ್ಲವರು ವಿರಳವಾದುದರಿಂದ ಎರಡು ಮಾತು ಹೇಳಬೇಕು. ತಂಡಕ್ಕೆ ಹದಿನೈದು ಮಂದಿ. ಚೆಂಡು ಮೊಟ್ಟೆಯಾಕಾರದ್ದು, ನೆಲಕ್ಕೆ ಬಿದ್ದರೆ ಯಾವ ಕಡೆಗೆ ನೆಗೆದೀತೆಂದು ಬ್ರಹ್ಮನೂ ಹೇಳಲಾರನು. ಅದನ್ನು ಎತ್ತಿಕೊಂಡು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯಕೂಡದು, ಬೆನ್ನ ಹಿಂದೆ ಬರುತ್ತಿರುವವನಿಗೇ ಕೊಡತಕ್ಕದ್ದು. ಹೀಗೆ ಹಿಂದಕ್ಕೆ ಕೊಡುತ್ತ ಕೊಡುತ್ತ ಮುಂದಕ್ಕೆ ಸಾಗಿ, ಎದುರಾಳಿಗಳ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಐದು ಅಂಕ. ನಡುವೆ ಎಂಟೆಂಟು ಜನರು ಹೆಗಲಿಗೆ ಹೆಗಲು ಹೆಣೆದು, ತಲೆ ತಗ್ಗಿಸಿ, ಜಗ್ಗದೆ ನೂಕಾಡುವ ‘ಸ್ಕ್ರಮ್’ ಎಂಬುದೊಂದುಂಟು. ಕಬಡ್ಡಿಯ ಅಂಕಣದಲ್ಲಿ ರೈಡರನ ತೊಡೆಯನ್ನು ತಬ್ಬಿ ಕೆಡಹಿ ಬೆಳೆದ ನಮ್ಮ ಹುಡುಗನಿಗೆ ಈ ಆಟದ ಹಿಡಿತಗಳನ್ನು ತಿಳಿಯುವುದಕ್ಕೆ ಅರ್ಧ ಸಂಜೆ ಸಾಕು.

ಈ ಆಟವು ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ಓದುವ ಶಾಲೆಗಳಲ್ಲಿ ಹುಟ್ಟಿ, ಉತ್ತರದ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳಿಗೆ ಹಬ್ಬಿದಾಗ, ಅಲ್ಲಿ ಅದನ್ನು ಎತ್ತಿಕೊಂಡವರು ಕಲ್ಲಿದ್ದಲಿನ ಗಣಿಯವರು ಮತ್ತು ಗಿರಣಿಯವರು. ಶನಿವಾರವೂ ಮಧ್ಯಾಹ್ನದವರೆಗೆ ದುಡಿಯಬೇಕಾಗಿದ್ದ ಆ ಜನರು ಪರಸ್ಥಳದ ಪಂದ್ಯಕ್ಕೆ ಹೊರಟರೆಂದರೆ ಕೂಲಿ ಮುರಿಯಿತೆಂದೇ ಅರ್ಥ. ಆ ಮುರಿದ ಹೊತ್ತಿನ ಕೂಲಿಯಷ್ಟನ್ನು ಮಾತ್ರ, ಒಂದು ಕಾಸೂ ಹೆಚ್ಚಲ್ಲ, ಕ್ಲಬ್ಬು ಆಟಗಾರನಿಗೆ ತುಂಬಿಕೊಡಲು ಅನುಮತಿ ಬೇಕೆಂದು ಯಾರ್ಕ್‌ಷೈರಿನವರು 1893ರಲ್ಲಿ ಲಂಡನ್ನಿನಲ್ಲಿ ಸೇರಿದ ರಗ್ಬಿ ಯೂನಿಯನ್ ಸಂಸ್ಥೆಯ ಮಹಾಸಭೆಯ ಮುಂದೆ ಬೇಡಿದರು. 136 ಮತಗಳು ಪರ, 282 ಮತಗಳು ವಿರೋಧ. ಎರಡು ವರ್ಷಗಳ ಮೇಲೆ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಮೂಲಸಂಸ್ಥೆಯಿಂದ ಹೊರಬಂದು ತಮ್ಮದೇ ಒಂದು ಒಕ್ಕೂಟವನ್ನು ಕಟ್ಟಿದವು. ದಿನಕ್ಕೆ ಆರು ಶಿಲಿಂಗಿನವರೆಗೆ ಮುರಿದ ಕೂಲಿಯನ್ನು ತುಂಬಿಕೊಡಬಹುದೆಂದು ಗೊತ್ತುಮಾಡಿದವು. ಇಂದು ರಗ್ಬಿ ಲೀಗ್ ಎಂದೂ ರಗ್ಬಿ ಯೂನಿಯನ್ ಎಂದೂ ಬೇರೆ ಬೇರೆ ನಿಯಮಗಳಿಂದ ಆಡುವ ಎರಡು ಆಟಗಳು ಆದುದು ಈ ಆರು ಶಿಲಿಂಗಿನಿಂದ.

ಇದಕ್ಕಿಂತ ರಸವತ್ತಾದುದು 1898ರ ಕಥೆ. ಆ ವರ್ಷ ಉತ್ತರದ ಒಕ್ಕೂಟವು ಆಟಕ್ಕೆ ಸಂಬಳ ಕೊಡುವುದನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿತು. ಆದರೆ ಆಟಗಾರನಿಗೆ ಆಟವಲ್ಲದೆ ಬೇರೊಂದು ಯೋಗ್ಯ ಉದ್ಯೋಗವಿರಲೇಬೇಕೆಂದು ಕಟ್ಟುಮಾಡಿತು. ಹೆಂಡದಂಗಡಿಯ ಪರಿಚಾರಿಕೆ, ಬಿಲಿಯರ್ಡ್ಸ್ ಮೇಜಿನ ಬಳಿ ಅಂಕ ಬರೆಯುವ ಕೆಲಸ ಮುಂತಾದುವು ಯೋಗ್ಯ ಉದ್ಯೋಗವೆನಿಸಲಿಲ್ಲ. ಕೆಲವು ವರ್ಷಗಳಲ್ಲಿ ಆ ಕಟ್ಟು ಸಡಿಲಿತು. ಆದರೂ ಅದರ ಹಿಂದಿನ ಭಾವನೆಯನ್ನು ನಾನು ಮೆಚ್ಚುತ್ತೇನೆ. ವಾರವೆಲ್ಲ ತನ್ನ ಕಸುಬಿನಲ್ಲಿ ದುಡಿದು, ಎರಡು ಸಂಜೆ ಅಭ್ಯಾಸ ಮಾಡಿ, ವಾರದ ಕೊನೆಗೆ ಊರಿನ ಹೆಸರನ್ನು ಎದೆಯ ಮೇಲೆ ಧರಿಸಿ ಆಡಿ, ಅದಕ್ಕೊಂದು ಮಿತವಾದ ಸಂಭಾವನೆಯನ್ನು ಪಡೆಯುವವನೇ ಅರೆವೃತ್ತಿಯ ಆಟಗಾರನು. ಆಟವೇ ಅವನ ಅನ್ನವಲ್ಲ. ಆದರೆ ಆಟವು ಅವನ ಅನ್ನವನ್ನು ಕಸಿಯುವುದೂ ಇಲ್ಲ.

1893ರ ಆ ಸಭೆಯಲ್ಲಿ ವಿರೋಧವಾಗಿ ಮತವಿತ್ತ ಮಹನೀಯರ ವಾದವು ಕೇಳುವುದಕ್ಕೆ ಬಲು ಸೊಗಸಾಗಿದ್ದಿತು. ಆಟವೆಂಬುದು ಪ್ರೀತಿಗಾಗಿ ಆಡತಕ್ಕದ್ದು. ಹಣ ಹೊಕ್ಕರೆ ಅದರ ಪಾವಿತ್ರ್ಯ ಕೆಡುತ್ತದೆ. ನಷ್ಟವನ್ನು ತಾಳಲಾರದವನು ಆಡದಿರಲಿ. ವರ್ಷಕ್ಕಿಷ್ಟೆಂದು ಗೇಣಿಯ ಹಣ ಮನೆಬಾಗಿಲಿಗೆ ಬಂದು ಬೀಳುವವರು ಪ್ರೀತಿಯ ಮಹಿಮೆಯನ್ನು ಬೋಧಿಸುವುದು ಸುಲಭ. ಆಶ್ಚರ್ಯವೆಂದರೆ ಆಂಗ್ಲರು ಹೊರಟುಹೋದರೂ ಆ ಬೋಧೆ ಮಾತ್ರ ನಮ್ಮ ಸಮಾರಂಭಗಳ ವೇದಿಕೆಗಳಲ್ಲಿ ಉಳಿದುಕೊಂಡಿದೆ. ಶಾಲು ಹೊದಿಸಿ, ಹಾರ ಹಾಕಿ, ಗ್ರಾಮೀಣ ಕ್ರೀಡೆ ನಮ್ಮ ಸಂಸ್ಕೃತಿಯ ಜೀವಾಳವೆಂದು ಭಾಷಣಮಾಡಿ ಕಾರು ಹತ್ತುವ ಗಣ್ಯರಲ್ಲಿ ಒಬ್ಬರಾದರೂ, ಈ ಹುಡುಗನ ಇಂದಿನ ಹಾಜರಿ ಏನಾಯಿತೆಂದು ಕೇಳಿದ್ದನ್ನು ನಾನು ಕಾಣೆನು. ಇಂಗ್ಲೆಂಡಿನ ಆ ಯೂನಿಯನ್ನಿನವರೂ ಕಡೆಗೆ ಸೋತರೆನ್ನಿ. ಸಂಬಳದ ಆಟವನ್ನು ಯೂನಿಯನ್ ಆಟದ ಅಂತರರಾಷ್ಟ್ರೀಯ ಮಂಡಳಿಯೇ 1995ರಲ್ಲಿ, ಸೀಳಿದ ದಿನಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ಅದೇ ಆಗಸ್ಟ್ ತಿಂಗಳಿನಲ್ಲಿ ಒಪ್ಪಿಕೊಂಡಿತು.

ಬೆಳ್ಳಿಯ ಕಡಗವನ್ನು ನೆನೆದಾಗ ಇನ್ನೊಂದು ಬೆಳ್ಳಿಯ ಕಥೆಯೂ ನೆನಪಾಗುತ್ತದೆ. ಕಲ್ಕತ್ತೆಯಲ್ಲಿದ್ದ ಆಂಗ್ಲರು 1873ರಲ್ಲಿ ಒಂದು ರಗ್ಬಿ ಕ್ಲಬ್ಬನ್ನು ಕಟ್ಟಿದರು. ಐದಾರು ವರ್ಷಗಳಲ್ಲಿಯೇ ಆಡುವವರು ಕಡಮೆಯಾಗಿ ಅದನ್ನು ಮುಚ್ಚಬೇಕಾಗಿ ಬಂದಾಗ, ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿಯೇ ತೆಗೆದು, ಆ 270 ರೂಪಾಯಿಗಳನ್ನು ಕರಗಿಸಿ, ಮೂರು ನಾಗರಗಳನ್ನು ಹಿಡಿಗಳಾಗಿಯೂ ಒಂದು ಆನೆಯನ್ನು ಮುಚ್ಚಳದ ಮೇಲೂ ಇರಿಸಿದ ಬಟ್ಟಲೊಂದನ್ನು ಮಾಡಿಸಿ ಲಂಡನ್ನಿಗೆ ಕಳುಹಿದರು. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ತಂಡಗಳು ಸೆಣಸುತ್ತಿರುವುದು ಆ ಕಲ್ಕತ್ತಾ ಬಟ್ಟಲಿಗಾಗಿ. ಶಿಲ್ಪವೇನೋ ಅಂದವಾಗಿದೆ. ಆದರೂ ಹಣವನ್ನು ಕರಗಿಸಿ ಪದಕವಾಗಿಸುವ ಈ ವಿದ್ಯೆಯಲ್ಲಿ ನಾವು ಆಂಗ್ಲರನ್ನೂ ಮೀರಿಸಿದ್ದೇವೆಂದು ನನಗೆ ಅನ್ನಿಸುವುದುಂಟು. ಹೊಸಪೇಟೆಯ ಯಾವ ಗರಡಿಮನೆಯ ಗೋಡೆಯನ್ನು ನೋಡಿದರೂ ಧೂಳು ಹಿಡಿದ ಬಟ್ಟಲುಗಳ ಸಾಲು ಕಾಣುತ್ತದೆ, ಗೆದ್ದವರು ಮಾತ್ರ ಯಾವಾಗಲೋ ಆಟ ಬಿಟ್ಟಿರುತ್ತಾರೆ.

ಗಣಿಯ ನಾಡಿಗೂ ಮೈಯಾಟಕ್ಕೂ ಇರುವ ನಂಟನ್ನು ತಿಳಿಯಬೇಕಾದರೆ ವೇಲ್ಸ್ ದೇಶದ ಕಡೆ ನೋಡಬೇಕು. ಕಲ್ಲಿದ್ದಲನ್ನು ಅಗೆಯುವ ಕಣಿವೆಗಳು, ತಗಡಿನ ಕಾರ್ಖಾನೆಗಳು, ಕೆಂಪು ಹೊಗೆಯ ಕುಲುಮೆಗಳು. ಊರೂರಿಗೂ ಒಂದು ಪ್ರಾರ್ಥನಾಮಂದಿರ, ಒಂದು ಗಾಯಕವೃಂದ, ಒಂದು ರಗ್ಬಿ ಕ್ಲಬ್ಬು. ಲನೆಲ್ಲಿ ಎಂಬ ಊರಿನವರು ತಾವು ತಗಡಿನ ಕೆಲಸದವರೆಂಬುದನ್ನು ಮರೆಯದಂತೆ ತಮ್ಮ ಬಯಲಿನ ಗೋಲುಕಂಬಗಳ ತುದಿಯಲ್ಲಿ ಕೆಂಪು ಬಣ್ಣದ ಬಾಣಲೆಗಳನ್ನು ಸಿಕ್ಕಿಸಿದ್ದರು. 1972ರ ಅಕ್ಟೋಬರ್ 31ರಂದು, ಜಗತ್ತಿನಲ್ಲಿಯೇ ಪ್ರಬಲರೆನಿಸಿದ್ದ ನ್ಯೂಜಿಲೆಂಡಿನವರು ಆ ಬಯಲಿಗೆ ಬಂದು 9–3ರಿಂದ ಸೋತುಹೋದರು. ಸೋಲಿಸಿದ ತಂಡದ ನಾಯಕ ಡೆಲ್ಮೆ ಥಾಮಸ್ ವಿದ್ಯುತ್ ಇಲಾಖೆಯ ಒಬ್ಬ ನೌಕರನು. ಅಂದು ಊರಿನ ಪಾನಗೃಹಗಳೆಲ್ಲ ಬತ್ತಿದವೆಂದು ಅಲ್ಲಿಯವರು ಈಗಲೂ ಹೇಳಿಕೊಂಡು ನಗುತ್ತಾರೆ. ಬಳಿಕ ಗಣಿಗಳು ಒಂದೊಂದಾಗಿ ಮುಚ್ಚಿದವು. ಕ್ಲಬ್ಬುಗಳು ಮಾತ್ರ ಬಹುಮಟ್ಟಿಗೆ ಉಳಿದವು. ಅವುಗಳಲ್ಲಿ ಹಲವು ಇಂದಿಗೂ ಅರೆವೃತ್ತಿಯ ಕ್ಲಬ್ಬುಗಳೇ.

ಸಂಡೂರಿಗೆ ಈ ಮಾತು ಸಲ್ಲದೆಂದು ಯಾರು ಹೇಳಿಯಾರು? ದೋಣಿಮಲೈ, ದೇವಗಿರಿಗಳ ಅದಿರು ಹೊರಟಷ್ಟು ಕಾಲವೂ ಹೊರಡುತ್ತದೆ. ಹೊರಡದ ಕಾಲವೂ ಬರುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಗಣಿಗಳು ನಿಂತಾಗ, ನಿನ್ನೆಯವರೆಗೆ ರಸ್ತೆಯಲ್ಲಿ ಕೆಂಧೂಳೆಬ್ಬಿಸಿ ಓಡುತ್ತಿದ್ದ ಲಾರಿಗಳು ಸಾಲುಗಟ್ಟಿ ನಿಂತು, ಅವನ್ನು ನಡೆಯಿಸುತ್ತಿದ್ದ ತರುಣರು ಚಹದಂಗಡಿಗಳ ಬೆಂಚುಗಳ ಮೇಲೆ ಕುಳಿತ ದಿನಗಳನ್ನು ನಾವು ಕಂಡಿದ್ದೇವೆ. ಸಂಪತ್ತು ಬಂದ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಎದ್ದ ಕಟ್ಟಡಗಳನ್ನೂ ಓಡಾಡಿದ ವಾಹನಗಳನ್ನೂ ನೆನೆಯುವಾಗ, ಊರವರದೇ ಆದ ಒಂದು ತಂಡವನ್ನು, ಶನಿವಾರ ಸಂಜೆ ಎಲ್ಲರೂ ಹೋಗಿ ಕೂಗಬಹುದಾದ ಒಂದು ಬಯಲನ್ನು, ಆ ಸಂಪತ್ತು ಬಿಟ್ಟುಹೋಗಲಿಲ್ಲವಲ್ಲ ಎಂಬ ಸಂಕಟವಾಗುತ್ತದೆ.

ಸಂಭಾವನೆ ಪಡೆದು ಸೆಣಸುವುದು ನಮಗೆ ಹೊಸತೇ? ಹಂಪೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿದರೆ ಮಹಾನವಮಿ ದಿಬ್ಬದ ಕಲ್ಲುಗಳೇ ನಕ್ಕಾವು. ಜಟ್ಟಿಗಳ ಹಿಡಿತಗಳು ಅಲ್ಲಿಯ ಪಟ್ಟಿಕೆಗಳಲ್ಲಿ ಇನ್ನೂ ಸಡಿಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಬರೆದಿರುವಂತೆ, ಆ ಅರಸನು ಬೆಳಕು ಹರಿಯುವ ಮುನ್ನವೇ ಎಳ್ಳೆಣ್ಣೆ ಕುಡಿದು, ಎಣ್ಣೆ ಪೂಸಿಕೊಂಡು, ಭಾರವೆತ್ತಿ, ಕತ್ತಿ ತಿರುವಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಸೆಣಸಿ, ಅನಂತರ ಕುದುರೆಯೇರಿ ಬಯಲಿಗೆ ಹೋಗುತ್ತಿದ್ದನು. ಮಹಾನವಮಿಯ ಸೆಣಸುಗಳಲ್ಲಿ ಹಲ್ಲು ಮುರಿಯುವಷ್ಟು, ಕಣ್ಣು ಹೋಗುವಷ್ಟು ಪೆಟ್ಟುಗಳಿದ್ದುವೆಂದೂ, ಜಟ್ಟಿಗಳಿಗೆ ತಮ್ಮವರೇ ಆದ ನಾಯಕರು ಇದ್ದರೆಂದೂ, ಇಬ್ಬರನ್ನೂ ಸಮಸಮವಾಗಿ ನಿಲ್ಲಿಸಿ ಗೆದ್ದವನಿಗೆ ಮನ್ನಣೆಯನ್ನು ಗೊತ್ತುಮಾಡುವ ನಿರ್ಣಾಯಕರು ಇದ್ದರೆಂದೂ ಅವನೇ ಹೇಳುತ್ತಾನೆ. ನಾಯಕರು, ನಿರ್ಣಾಯಕರು, ಗೊತ್ತಾದ ಮನ್ನಣೆ: ಕ್ಲಬ್ಬೆಂದರೆ ಇನ್ನೇನು? ಕೆಲವು ವರ್ಷಗಳ ಮೇಲೆ ಬರೆದ ಇನ್ನೊಬ್ಬ ಪೋರ್ಚುಗೀಸನಾದ ನೂನಿಜನು ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಸೇರಿಸುತ್ತಾನೆ. ಹೆಣ್ಣುಮಕ್ಕಳಿಗೆ ಇಂಥ ಆಟಗಳು ಒಪ್ಪವೆಂದು ನಮ್ಮ ಸಂಪ್ರದಾಯದ ಹೆಸರಿನಲ್ಲಿ ಹೇಳುವವರು ಈ ವಾಕ್ಯವನ್ನು ಒಮ್ಮೆ ಓದಬಹುದು.

ಚೆಂಡಿನ ವಿಷಯಕ್ಕೂ ಹೊರಗಿನವರ ಕಡೆ ನೋಡಬೇಕಾಗಿಲ್ಲ. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ ನಂಜುಂಡನೇ ಮೊದಲಾದ ಕವಿಗಳಲ್ಲಿ ದುರಂತವು ಮೊದಲಾಗುವುದೇ ಚೆಂಡಾಟದಿಂದ: ಆಡುತ್ತಿದ್ದಾಗ ಚೆಂಡು ಚಿಮ್ಮಿ ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ, ಅದನ್ನು ತರಲು ರಾಮನು ಒಳಹೋಗುತ್ತಾನೆ, ಆಮೇಲಿನದು ಎಲ್ಲರೂ ಬಲ್ಲ ಕಥೆ. ಗೆರೆ ದಾಟಿದ ಚೆಂಡನ್ನು ಎತ್ತಿಕೊಳ್ಳಹೋಗಿ ತಲೆಗೇ ತಂದುಕೊಂಡ ಆಟಗಾರನ ವೃತ್ತಾಂತ ಬೇರಾವ ದೇಶದಲ್ಲಿದೆಯೋ ನಾನರಿಯೆ!

ಇನ್ನು ಈಚಿನ ಕಾಲಕ್ಕೆ ಬರೋಣ. 2025ರ ಜೂನ್ ತಿಂಗಳಿನಲ್ಲಿ ಭಾರತದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳು, ತಂಡಕ್ಕೆ ಹದಿನೈದು ಮಂದಿಯ ಬದಲು ಏಳೇ ಮಂದಿ ಆಡುವ ಚುಟುಕು ಬಗೆ, ದೇಶವಿದೇಶಗಳ ಆಟಗಾರರು ಒಂದೇ ತಂಡದಲ್ಲಿ. ಬೆಂಗಳೂರಿನ ಹೆಸರಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇದ್ದಿತು. ಆದರೆ ಪಂದ್ಯಗಳೆಲ್ಲ ನಡೆದುದು ಮುಂಬಯಿಯ ಅಂಧೇರಿಯಲ್ಲಿ. ಗೆದ್ದುದು ಚೆನ್ನೈ ತಂಡ. ಎಲ್ಲವೂ ಎರಡು ವಾರಗಳಲ್ಲಿ ಮುಗಿಯಿತು. ಇದನ್ನು ನಾನು ಹೀಗಳೆಯುವುದಿಲ್ಲ. ಒಡಿಶಾದ ಹಳ್ಳಿಗಾಡಿನ ಹುಡುಗನೊಬ್ಬನು ಫಿಜಿಯ ಆಟಗಾರನ ಹೆಗಲಿಗೆ ಹೆಗಲು ಕೊಟ್ಟು ಓಡುವುದು ಸಣ್ಣ ಸಂಗತಿಯಲ್ಲ. ಆದರೂ ತನ್ನ ಊರಿನಲ್ಲಿ ಒಂದು ಪಂದ್ಯವನ್ನೂ ಆಡದ ತಂಡವು ಊರಿನ ಹೆಸರನ್ನು ಬಾಡಿಗೆಗೆ ತಂದಂತಲ್ಲವೆ? ಕಬಡ್ಡಿಯಲ್ಲಿ 2014ರಿಂದ ಹಣ ಹರಿಯಿತು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪ್ರಶಸ್ತಿಯನ್ನು ಗೆದ್ದಾಗ ಕಂಪ್ಲಿಯ ಚಹದಂಗಡಿಗಳಲ್ಲಿಯೂ ಕೂಗೆದ್ದಿತು. ಆ ಹರಿವಿನ ಒಂದು ಕಾಲುವೆಯಾದರೂ ನಮ್ಮ ಊರಿನ ಅಂಕಣದವರೆಗೆ ಬಂದಿತೆ? ತುಂಗಭದ್ರೆಯ ಕೊನೆಭಾಗದ ರೈತನನ್ನು ಕೇಳಿದರೆ ಇಂಥ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ.

ತೋರಣಗಲ್ಲಿನ ಮಗ್ಗುಲಲ್ಲಿ, ಉಕ್ಕಿನ ಕಾರ್ಖಾನೆಯವರು 2018ರಲ್ಲಿ ಆರಂಭಿಸಿದ ಇನ್ಸ್‌ಪೈರ್ ಕ್ರೀಡಾಸಂಸ್ಥೆಯು ಉಂಟಲ್ಲ ಎನ್ನುವವರಿದ್ದಾರೆ. ಉಂಟು, ಕುಸ್ತಿ, ಜೂಡೊ, ಬಾಕ್ಸಿಂಗ್, ಓಟ, ಈಜುಗಳಲ್ಲಿ ದೇಶದ ಮೂಲೆಮೂಲೆಗಳಿಂದ ಆಯ್ದ ಮಕ್ಕಳನ್ನು ತಂದು ಒಲಿಂಪಿಕ್ಸಿಗೆ ಅಣಿಗೊಳಿಸುವ ಆ ಕೆಲಸ ಶ್ಲಾಘ್ಯವೇ. ಆದರೆ ಅದು ಆಯ್ಕೆಯ ಜಾಗ. ಲಕ್ಷದಲ್ಲಿ ಒಬ್ಬನನ್ನು ಹುಡುಕುವ ಕಣ್ಣಿಗೆ ಉಳಿದವರು ಕಾಣುವುದಿಲ್ಲ, ಕಾಣಬೇಕಾದುದೂ ಇಲ್ಲ. ನಾನು ಹೇಳುತ್ತಿರುವುದು ಆ ಉಳಿದವರ ಮಾತು: ದೇಶಕ್ಕೆ ಪದಕ ತರಲಾರದ, ಆದರೆ ಊರಿಗೆ ಒಂದು ಸಂಜೆಯನ್ನು ತರಬಲ್ಲ ಇಪ್ಪತ್ತೈದು ವಯಸ್ಸಿನ ಪಂಪ್‌ಸೆಟ್ ಮೆಕ್ಯಾನಿಕ್‌ನ, ಹರಿಗೋಲು ನಡೆಯಿಸುವವನ, ಕಬ್ಬು ಕಡಿಯುವವನ ಮಾತು.

ಇಂಥವರಿಗಾಗಿ ಹೊಸಪೇಟೆಯಲ್ಲಿ ಒಂದು ಕ್ಲಬ್ಬು ಕಟ್ಟುವುದಕ್ಕೆ ಎಷ್ಟು ಬೇಕು? ಇಪ್ಪತ್ತು ಜನ ಆಟಗಾರರು. ಅಭ್ಯಾಸದ ಸಂಜೆಗಳನ್ನು ಬಿಟ್ಟು, ಪಂದ್ಯಕ್ಕಾಗಿ ಕೆಲಸ ತಪ್ಪುವ ದಿನಗಳು ವರ್ಷಕ್ಕೆ ನಲವತ್ತು. ತಪ್ಪಿದ ಹಾಜರಿಯೊಂದಕ್ಕೆ ಎಂಟುನೂರು ರೂಪಾಯಿಯೆಂದು ಇಟ್ಟುಕೊಂಡರೆ ಒಟ್ಟು 6,40,000 ರೂಪಾಯಿ. ಪೆಟ್ಟಾದರೆ ಆಸ್ಪತ್ರೆಯ ವೆಚ್ಚಕ್ಕೊಂದು ವಿಮೆ, ಓಡಾಟಕ್ಕೊಂದು ಬಾಡಿಗೆ ಬಸ್ಸು, ಒಬ್ಬ ಶಿಕ್ಷಕನ ಸಂಬಳ ಸೇರಿಸಿ ಇದನ್ನು ಮೂರರಷ್ಟು ಮಾಡಿಕೊಳ್ಳಿ. ಉತ್ಸವದ ಒಂದು ರಾತ್ರಿಯ ವೇದಿಕೆಗೂ ದೀಪಾಲಂಕಾರಕ್ಕೂ ತಗಲುವ ವೆಚ್ಚವನ್ನು ಬಲ್ಲವರು ಈ ಮೊತ್ತವನ್ನು ಕಂಡು ನಗಬಹುದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಜಿಲ್ಲಾಕೇಂದ್ರವೆಂಬ ಬಿರುದನ್ನು ಹೊತ್ತಿರುವ ಊರಿಗೆ ಇದು ಭಾರವೇ? ಗಣಿಬಾಧಿತ ಪ್ರದೇಶಗಳ ಏಳಿಗೆಗೆಂದೇ 2015ರ ಕಾನೂನಿನಂತೆ ಏರ್ಪಟ್ಟ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಒಂದು ಹನಿಯನ್ನು ಈ ಕಡೆಗೆ ತಿರುಗಿಸಲು ನಿಯಮ ಅಡ್ಡ ಬರುವುದಾದರೆ ನಿಯಮವನ್ನು ತಿದ್ದುವ ಯತ್ನವಾಗಲಿ. ಉಳಿದುದು ಬಾಗಿಲಲ್ಲಿ ಕೊಡುವ ಹತ್ತು ರೂಪಾಯಿಯ ಟಿಕೀಟು, ಬಜಾರಿನ ಅಂಗಡಿಗಳವರ ವಂತಿಗೆ, ಮಿರ್ಚಿ ಭಜಿಯ ಅಂಗಡಿಯ ಬಾಡಿಗೆ.

ರಗ್ಬಿಯೇ ಆಗಬೇಕೆಂಬ ಹಟ ನನಗಿಲ್ಲ. ಕಬಡ್ಡಿಯಿಂದಲೂ ಮಟ್ಟಿಯ ಕುಸ್ತಿಯಿಂದಲೂ ಮೊದಲಾಗಲಿ. ಮೈ ಕೂಡಿದ ಹುಡುಗರು ಏಳೇಳು ಜನರ ರಗ್ಬಿಯನ್ನೂ ಆಮೇಲೆ ಕಲಿಯಲಿ. ಸಂಡೂರು, ಕಂಪ್ಲಿ, ಗಂಗಾವತಿ, ಬಳ್ಳಾರಿಗಳಲ್ಲಿ ಒಂದೊಂದು ತಂಡವೆದ್ದರೆ ವಾರಕ್ಕೊಂದು ಪಂದ್ಯಕ್ಕೆ ದೂರ ಹೋಗಬೇಕಾದುದೂ ಇಲ್ಲ. ಹೊಳೆ ಉಕ್ಕಿ ಕಂಪ್ಲಿಯ ಸೇತುವೆ ಮುಳುಗಿದ ವಾರ ಒಂದು ಪಂದ್ಯ ತಪ್ಪೀತು, ಅಷ್ಟೆ. ಆದರೆ ಒಂದು ಕಟ್ಟು ಮಾತ್ರ ತಪ್ಪಕೂಡದು. ಹಣವು ಗೆದ್ದವನಿಗೆ ಬಹುಮಾನವಾಗಿ ಹೋಗದೆ ಆಡಿದವನಿಗೆಲ್ಲ ತಪ್ಪಿದ ಕೂಲಿಯಾಗಿ ಹೋಗಬೇಕು. ಬಹುಮಾನದ ಹಣ ಒಬ್ಬನನ್ನು ಮೇಲೆತ್ತಿ ಹತ್ತೊಂಬತ್ತು ಜನರನ್ನು ಮನೆಗೆ ಕಳುಹುತ್ತದೆ. ಕೂಲಿಯ ಹಣ ಇಪ್ಪತ್ತು ಜನರನ್ನೂ ಮುಂದಿನ ವಾರ ಬಯಲಿಗೆ ತರುತ್ತದೆ.

ಇದರಿಂದ ಆಟವು ಕೆಡುವುದೆಂದು, ಪಂದ್ಯದ ಮೇಲೆ ಪಣ ಕಟ್ಟುವವರು ನುಗ್ಗುವರೆಂದು, ರಾಜಕೀಯದವರು ಅಧ್ಯಕ್ಷತೆಗೆ ಕಚ್ಚಾಡುವರೆಂದು ಹಿರಿಯ ಮಿತ್ರರೊಬ್ಬರು ಎಚ್ಚರಿಸಿದರು. ಕೊನೆಯದನ್ನು ನಾನೂ ಒಪ್ಪುತ್ತೇನೆ, ಮದ್ದು ಕಾಣೆ. ಉಳಿದುವಕ್ಕೆ ಒಂದೇ ಉತ್ತರ: ಕೆಡುಕು ನುಗ್ಗುವುದು ಲೆಕ್ಕವಿಲ್ಲದ ಹಣ ಕತ್ತಲಲ್ಲಿ ಕೈ ಬದಲಾಯಿಸುವಲ್ಲಿ. ವೇಲ್ಸಿನಲ್ಲಿ ಹವ್ಯಾಸದ ಹೆಸರಿನಲ್ಲಿ ಬಹುಕಾಲ ನಡೆದುದು ಅದೇ. ಪಂದ್ಯ ಮುಗಿಸಿ ಬಂದವನ ಬೂಟಿನೊಳಗೆ ನೋಟು ಇರುತ್ತಿದ್ದಿತು. ರಸೀದಿ ಕೊಟ್ಟು ಕೈಮೇಲೆ ಎಣಿಸಿದ ಹಣಕ್ಕೆ ಬೂಟಿನ ಆಶ್ರಯ ಬೇಡ.

ಮುದಿಯಾದ ಪೈಲ್ವಾನರಿಗೆ ನಮ್ಮ ಸರ್ಕಾರವು ಮಾಸಾಶನ ಕೊಡುತ್ತದೆ; ಒಳ್ಳೆಯದೇ. ಅಂಥ ಒಬ್ಬ ಉಸ್ತಾದರ ಗರಡಿಗೆ ಮೊನ್ನೆ ಹೋಗಿದ್ದಾಗ, ಹನುಮಂತನ ಪಟದ ಕೆಳಗೆ ಆ ಬೆಳ್ಳಿಯ ಕಡಗ ತೂಗುತ್ತಿದ್ದುದನ್ನು ಕಂಡು, ಗೆದ್ದ ಹುಡುಗನೆಲ್ಲಿ ಎಂದು ವಿಚಾರಿಸಿದೆನು. ಮದುವೆಯಾಯಿತಂತೆ, ಈಗ ಹಗಲು ಪಾಳಿಯಂತೆ, ಸಂಜೆ ಓವರ್‌ಟೈಮಂತೆ. ಮಟ್ಟಿಯ ಮಣ್ಣನ್ನು ಸಲಿಕೆಯಿಂದ ತಿರುವಿಹಾಕುತ್ತಿದ್ದ ಉಸ್ತಾದರು ತಲೆಯೆತ್ತದೆಯೇ, “ಭಾನುವಾರ ಒಮ್ಮೊಮ್ಮೆ ಬಂದು ಬಾಗಿಲಾಗ ನಿಂತು ನೋಡಿ ಹೋಗ್ತಾನ್ರೀ, ಒಳಗ ಬಾ ಅಂದ್ರ ಬರಂಗಿಲ್ಲ” ಎಂದರು.